ಕಬ್ಬಿನ ಗದ್ದೆಯ ಕರ್ಬಲಾ

ಕಣ್ಣು ಮುಚ್ಚಿಕೊಂಡು ಕೇಳಿದರೆ ಅದು ನಮ್ಮೂರಿನ ಮೊಹರಂ ತಾಶಾ. ಮೊದಲು ತೆಳುವಾದ ಕಡ್ಡಿಗಳ ಚುರುಕು ಪೆಟ್ಟು, ಹಿಂದಿನಿಂದ ದೊಡ್ಡ ಡೋಲಿನ ಗುಮ್ಮೆನ್ನುವ ಸದ್ದು, ನಡುನಡುವೆ ಕಂಚಿನ ತಾಳ. ಕಣ್ಣು ತೆರೆದು ಮೊಬೈಲಿನ ಪರದೆ ನೋಡಿದರೆ ಬೇರೆಯದೇ ಲೋಕ. ಬಾರಿಸುವವರ ನಡುವೆ ಆಫ್ರಿಕಾ ಮೂಲದ ಹುಡುಗರು. ಹಿಂದೆ ಬಣ್ಣದ ಕಾಗದ, ಬೇಗಡೆಗಳಿಂದ ಹೊಳೆಯುವ ತಾಬೂತು. ಎರಡೂ ಬದಿಗೆ ಇಂಗ್ಲಿಷ್ ಮಾತಾಡುವ ಜನ. ಅದು ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪ. ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಸೇಂಟ್ ಜೇಮ್ಸ್ ಎಂಬ ಬಡಾವಣೆ. ಹಬ್ಬದ ಹೆಸರು ‘ಹೊಸೆ’.

ಟ್ರಿನಿಡಾಡ್ ಎಂದರೆ ನಮಗೆ ಕ್ರಿಕೆಟ್ಟು, ಅದು ಬಿಟ್ಟರೆ ವಿ. ಎಸ್. ನೈಪಾಲ್. 1976ರಲ್ಲಿ ಅಲ್ಲಿನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಲ್ಲಿ ಭಾರತ ನಾನೂರಕ್ಕೂ ಮಿಕ್ಕಿದ ಗುರಿಯನ್ನು ಬೆನ್ನಟ್ಟಿ ಗೆದ್ದಾಗ ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್ 112 ರನ್ ಹೊಡೆದಿದ್ದರು. ನಮ್ಮ ಹಿರಿಯರು ರೇಡಿಯೋದ ಮುಂದೆ ಕುಳಿತು ಹೇಳಿಕೊಳ್ಳುತ್ತಿದ್ದ ಕತೆ ಅದು. ಆದರೆ ಆ ಮೈದಾನದಿಂದ ಸ್ವಲ್ಪ ದೂರದಲ್ಲೇ ಬಾಂಬೆ ಸ್ಟ್ರೀಟ್, ಮದ್ರಾಸ್ ಸ್ಟ್ರೀಟ್, ಲಕ್ನೋ ಸ್ಟ್ರೀಟ್, ಪಾಟ್ನಾ ಸ್ಟ್ರೀಟ್ ಎಂಬ ಹೆಸರಿನ ಬೀದಿಗಳಿವೆ, ಅಲ್ಲಿ ಪ್ರತಿ ವರ್ಷ ಹಸನ್-ಹುಸೇನರ ಮೆರವಣಿಗೆ ಹೊರಡುತ್ತದೆ ಎಂದು ಯಾರೂ ನಮಗೆ ಹೇಳಿರಲಿಲ್ಲ. ಆ ಮೆರವಣಿಗೆಯ ಮೇಲೆ ಒಮ್ಮೆ ಗುಂಡು ಹಾರಿತ್ತು ಎಂಬುದಂತೂ ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಕತೆ ಶುರುವಾಗುವುದು ಸಕ್ಕರೆಯಿಂದ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವ ಕಾನೂನು 1834ರಲ್ಲಿ ಜಾರಿಗೆ ಬಂತು. ‘ತರಬೇತಿ’ ಎಂಬ ನೆಪದಲ್ಲಿ ಇನ್ನೂ ನಾಲ್ಕು ವರ್ಷ ದುಡಿಸಿಕೊಂಡು 1838ರಲ್ಲಿ ಆಫ್ರಿಕನ್ನರನ್ನು ನಿಜವಾಗಿ ಬಿಟ್ಟರು. ಬಿಡುಗಡೆಯಾದವರಲ್ಲಿ ಬಹಳ ಜನ ಅದೇ ಯಜಮಾನನ ಕಬ್ಬಿನ ಗದ್ದೆಗೆ ಅವನು ಹೇಳಿದ ಕೂಲಿಗೆ ಮರಳಲು ಒಪ್ಪಲಿಲ್ಲ. ಯಾರು ತಾನೇ ಒಪ್ಪುತ್ತಾರೆ? ತೋಟದ ಮಾಲೀಕರು ಅಗ್ಗದ ಕೈಗಳನ್ನು ಹುಡುಕಿ ಹಿಂದೂಸ್ಥಾನದತ್ತ ತಿರುಗಿದರು. 1845ರ ಮೇ 30ರಂದು ‘ಫತೇಲ್ ರಝಾಕ್’ ಎಂಬ ಹಡಗು ಕಲ್ಕತ್ತಾದಿಂದ ಇನ್ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಪೋರ್ಟ್ ಆಫ್ ಸ್ಪೇನ್ ಮುಟ್ಟಿತು. ಉರ್ದು ಬಲ್ಲವರಿಗೆ ಈ ಹೆಸರು ಥಟ್ಟನೆ ಹೊಳೆಯುತ್ತದೆ. ಫತಹುರ‍್ರಝಾಕ್, ಅನ್ನದಾತನಾದ ಅಲ್ಲಾಹನು ದಯಪಾಲಿಸಿದ ಗೆಲುವು. ಜೀತಕ್ಕೆ ಜನರನ್ನು ಒಯ್ದ ಹಡಗಿಗೆ ಅಂಥ ಹೆಸರು!

ಅಲ್ಲಿಂದ 1917ರವರೆಗೆ ಸುಮಾರು 1,44,000 ಭಾರತೀಯರು ಟ್ರಿನಿಡಾಡಿಗೆ ಹೋದರು. ಬಹುಪಾಲು ಜನ ಅವಧ್ ಮತ್ತು ಬಿಹಾರದ ಭೋಜಪುರಿ ಸೀಮೆಯವರು. ಮದ್ರಾಸ್ ಬಂದರಿನಿಂದ ಹೋದವರೂ ಇದ್ದರು. ಅವರನ್ನು ಪುಸಲಾಯಿಸಿ ಕರೆತರುತ್ತಿದ್ದ ದಲ್ಲಾಳಿಗಳನ್ನು ‘ಅರಕಾಟಿ’ ಎನ್ನುತ್ತಿದ್ದರು. ಅರಕಾಟಿಗಳು ಊರಿನ ಹೆಸರನ್ನು ‘ಚಿನೀದಾದ್’ ಎಂದು ಹೇಳುತ್ತಿದ್ದರೆಂಬ ಮಾತು ಅಲ್ಲಿನವರಲ್ಲಿ ಇಂದಿಗೂ ಇದೆ. ಚೀನಿ ಎಂದರೆ ಸಕ್ಕರೆ. ಸಕ್ಕರೆ ಜರಡಿ ಹಿಡಿಯುವ ಹಗುರ ಕೆಲಸ, ಕೈತುಂಬ ಕಾಸು, ನಾಲ್ಕು ವರ್ಷ ಇದ್ದು ಬರುವುದು, ಅಷ್ಟೇ. ಮೂರು ತಿಂಗಳು ನೀರಿನ ಮೇಲಿದ್ದು ಇಳಿದಾಗ ಕೈಗೆ ಬಂದದ್ದು ಕಬ್ಬು ಕಡಿಯುವ ಕತ್ತಿ. ಕರಾರು ಐದು ವರ್ಷ. ಒಂದು ದಿನದ ನಿಗದಿತ ಕೆಲಸ ಮುಗಿಸಿದರೆ ಗಂಡಸಿಗೆ 25 ಸೆಂಟ್. ಚೀಟಿಯಿಲ್ಲದೆ ತೋಟ ಬಿಟ್ಟು ಹೊರಗೆ ಕಾಲಿಟ್ಟರೆ ಜೈಲು. ಕೆಲಸಕ್ಕೆ ಬರದಿದ್ದರೂ ಜೈಲೇ. ಇವರು ಗುಲಾಮರಲ್ಲ, ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದ ‘ಕೂಲಿಗಳು’. ಅವರನ್ನು ಇರಿಸಿದ್ದು ಮಾತ್ರ ಗುಲಾಮರಿದ್ದ ಸಾಲುಮನೆಗಳಲ್ಲೇ.

ಹಡಗಿನಲ್ಲಿ ಜಾತಿ ನಿಲ್ಲಲಿಲ್ಲ. ಒಂದೇ ಒಲೆಯ ಅನ್ನ, ಒಂದೇ ಪೀಪಾಯಿಯ ನೀರು. ಒಟ್ಟಿಗೆ ಬಂದವರು ‘ಜಹಾಜಿ ಭಾಯಿ’, ‘ಜಹಾಜಿ ಬೆಹೆನ್’ ಆದರು. ರಕ್ತಸಂಬಂಧಕ್ಕಿಂತ ಈ ಸಂಬಂಧ ಗಟ್ಟಿಯಾಗಿತ್ತಂತೆ. ಹೋದವರಲ್ಲಿ ಮುಸ್ಲಿಮರು ನೂರಕ್ಕೆ ಹದಿನೈದರಷ್ಟು. ಅವರಲ್ಲೂ ಶಿಯಾಗಳು ಬೆರಳೆಣಿಕೆ. ಆದರೂ 1850ರ ದಶಕದ ಹೊತ್ತಿಗೇ ದಕ್ಷಿಣದ ಸ್ಯಾನ್ ಫರ್ನಾಂಡೋ ಸುತ್ತಲಿನ ತೋಟಗಳಲ್ಲಿ ತಾಬೂತುಗಳು ಏಳತೊಡಗಿದ್ದವು. ಇದರಲ್ಲಿ ಆಶ್ಚರ್ಯವಿಲ್ಲ. ಇವರು ಬಂದ ಅವಧ್ ಸೀಮೆ ಲಕ್ನೋ ನವಾಬರ ಸೀಮೆ. ಅಲ್ಲಿ ಮೊಹರಂ ಶಿಯಾಗಳ ಸೊತ್ತಾಗಿ ಉಳಿದಿರಲಿಲ್ಲ. ಸುನ್ನಿಗಳು ತಾಜಿಯಾ ಇಡುತ್ತಿದ್ದರು, ಹಿಂದೂಗಳು ಹರಕೆ ಹೊರುತ್ತಿದ್ದರು. ನಮ್ಮ ಮುದಗಲ್ಲಿನ ಮೊಹರಂ ಕಂಡವರಿಗೆ, ಒಬ್ಬ ಮುಸ್ಲಿಮನೂ ಇಲ್ಲದ ಹಳ್ಳಿಯಲ್ಲಿ ಅಲಾಯಿ ಕುಣಿ ತೋಡುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಖತಲ್ ರಾತ್’ ನಮ್ಮ ಜನರ ಬಾಯಲ್ಲಿ ‘ಕತ್ತಲ ರಾತ್ರಿ’ ಆದ ಹಾಗೆ, ಎದೆ ಬಡಿದುಕೊಂಡು ಕೂಗುತ್ತಿದ್ದ ‘ಹುಸೇನ್’ ಅಲ್ಲಿನ ಕ್ರಿಯೋಲ್ ಕಿವಿಗೆ ‘ಹೊಸೆ’ ಎಂದು ಕೇಳಿ ಅದೇ ಹಬ್ಬದ ಹೆಸರಾಯಿತು.

ತೋಟದ ಬದುಕಿನಲ್ಲಿ ವರ್ಷಕ್ಕೊಮ್ಮೆ ಚೀಟಿಯ ಭಯ ಬಿಟ್ಟು ಸಾವಿರಾರು ಜನ ರಸ್ತೆಗಿಳಿಯುವ ದಿನ ಅದು. ಒಂದೊಂದು ತೋಟಕ್ಕೆ ಒಂದೊಂದು ತಾಬೂತು. ಯಾವ ತೋಟದ್ದು ಮುಂದೆ ಹೋಗಬೇಕೆಂದು ಜಗಳ, ಕೋಲಾಟ, ಕೆಲವೊಮ್ಮೆ ತಲೆ ಒಡೆಯುವುದು. ಇದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಆಫ್ರಿಕನ್ ಮೂಲದವರೂ ಡೋಲು ಬಾರಿಸಲು, ತಾಬೂತು ಹೊರಲು ಸೇರಿಕೊಂಡರು. ಕೊನೆಗೆ ಎಲ್ಲವೂ ಸಮುದ್ರದ ದಂಡೆಗೆ ಹೋಗಿ ನೀರಿಗೆ ಬೀಳುತ್ತಿದ್ದವು. ಆ ನೀರಿನಾಚೆಗೇ ಊರು ಇತ್ತಲ್ಲವೇ? ತಾಬೂತನ್ನು ಕಡಲಿಗೆ ಬಿಟ್ಟು ನಿಂತವರು ಏನನ್ನು ನೆನೆಯುತ್ತಿದ್ದಿರಬಹುದು ಎಂದು ಕತೆ ಬರೆಯುವ ನನ್ನಂಥವನು ಊಹಿಸಬಹುದು, ಇತಿಹಾಸಕಾರ ಊಹಿಸಲಾರ.

ಸರ್ಕಾರಕ್ಕೆ ಕಂಡದ್ದು ಬೇರೆ. 1880ರ ದಶಕದಲ್ಲಿ ಬೀಟ್‌ರೂಟಿನ ಸಕ್ಕರೆ ಯುರೋಪಿನ ಮಾರುಕಟ್ಟೆ ತುಂಬಿ ಕಬ್ಬಿನ ಸಕ್ಕರೆಯ ಬೆಲೆ ಕುಸಿಯಿತು. 1884ರಲ್ಲಂತೂ ಪಾತಾಳಕ್ಕೆ. ಮಾಲೀಕರು ನಷ್ಟವನ್ನು ಕೂಲಿಗಳ ಬೆನ್ನ ಮೇಲೆ ಹಾಕಿದರು. ಅದೇ ಕಾಸಿಗೆ ಕೆಲಸದ ಅಳತೆ ಹಿಗ್ಗಿತು. ತೋಟಗಳಲ್ಲಿ ಮುಷ್ಕರಗಳಾದವು. ಇತ್ತ ಪೋರ್ಟ್ ಆಫ್ ಸ್ಪೇನಿನಲ್ಲಿ ಆಫ್ರಿಕನ್ನರು ತಮ್ಮ ಬಿಡುಗಡೆಯ ನೆನಪಿಗೆ ಪಂಜು ಹಿಡಿದು ನಡೆಸುತ್ತಿದ್ದ ‘ಕ್ಯಾಂಬುಲೇ’ ಮೆರವಣಿಗೆಯನ್ನು ತಡೆಯಲು ಹೋಗಿ 1881ರಲ್ಲಿ ಪೊಲೀಸರಿಗೂ ಜನರಿಗೂ ದೊಡ್ಡ ಹೊಡೆದಾಟವಾಗಿತ್ತು. 1884ರ ಕಾರ್ನಿವಲ್ ಹೊತ್ತಿಗೆ ಕ್ಯಾಂಬುಲೇಯನ್ನು ಹತ್ತಿಕ್ಕಿದರು. ಆಫ್ರಿಕನ್ನರ ಡೋಲುಗಳ ಮೇಲೂ ಕಾನೂನು ಬಿತ್ತು. (ಡೋಲು ಕಸಿದುಕೊಂಡಾಗ ಅವರು ಬಿದಿರು ಬಡಿದರು. ಮುಂದೆ ತಗಡಿನ ಡಬ್ಬಿ, ಎಣ್ಣೆಯ ಪೀಪಾಯಿ ಬಡಿದರು. ಇವತ್ತು ಜಗತ್ತು ತಲೆದೂಗುವ ಸ್ಟೀಲ್‌ಪ್ಯಾನ್ ವಾದ್ಯ ಹುಟ್ಟಿದ್ದು ಆ ದಾರಿಯಲ್ಲಿ.) ಆಫ್ರಿಕನ್ನರ ಹಬ್ಬ ಮುಗಿಯಿತು, ಇನ್ನು ಭಾರತೀಯರದು. ಒಬ್ಬರಿಗೊಂದು ನ್ಯಾಯ ಇನ್ನೊಬ್ಬರಿಗೊಂದು ನ್ಯಾಯವೇ ಎಂಬ ಸಬೂಬೂ ಸಿಕ್ಕಿತು.

ಆ ವರ್ಷದ ಜುಲೈಯಲ್ಲಿ ಸರ್ಕಾರ ನಿಯಮಗಳನ್ನು ಹೊರಡಿಸಿತು. ಹೊಸೆ ಮೆರವಣಿಗೆ ಪಟ್ಟಣಕ್ಕೆ ಬರಕೂಡದು. ಹೆದ್ದಾರಿಗೆ ಇಳಿಯಬೇಕಾದರೆ ಅಪ್ಪಣೆ ಬೇಕು. ಭಾರತೀಯರಲ್ಲದವರು ಅದರಲ್ಲಿ ಸೇರಕೂಡದು. ಮೂರನೆಯ ನಿಯಮವನ್ನು ಎರಡು ಸಲ ಓದಬೇಕು. ಇಬ್ಬರು ದುಡಿಯುವ ಜನ ಒಂದೇ ಡೋಲಿನ ಸುತ್ತ ಸೇರುವುದು ಸರ್ಕಾರಕ್ಕೆ ಬೇಕಿರಲಿಲ್ಲ.

ನಿಯಮಗಳನ್ನು ಹಿಂದೆಗೆದುಕೊಳ್ಳಿ ಎಂದು ಫಿಲಿಪೀನ್ ಎಂಬ ತೋಟದಿಂದ ಒಂದು ಮನವಿ ಹೋಯಿತು. ಇಷ್ಟು ವರ್ಷ ಮಾಡಿಕೊಂಡು ಬಂದಿದ್ದೇವೆ, ಈಗೇಕೆ ತಡೆಯುತ್ತೀರಿ ಎಂಬ ವಿನಂತಿ. ಅದರ ಮೊದಲ ಹೆಸರು ಸೂಖೂ ಎಂಬಾತನದು. ಜೊತೆಗೆ ಇನ್ನೂ 31 ಜನ. ಸೂಖೂ ಹಿಂದೂ. ಇಮಾಮ್ ಹುಸೇನರ ಮೆರವಣಿಗೆಗೆ ಅಪ್ಪಣೆ ಕೇಳಿ ಮುಂದೆ ನಿಂತವನು ಅವನು. ಮನವಿ ತಿರಸ್ಕೃತವಾಯಿತು.

1884ರ ಅಕ್ಟೋಬರ್ 30, ಗುರುವಾರ. ಹಿಜರಿ 1302ರ ಮೊಹರಂ ಹತ್ತು, ಆಶೂರಾ. ಸ್ಯಾನ್ ಫರ್ನಾಂಡೋ ಪಟ್ಟಣದ ಬಾಯಿಗಳಲ್ಲಿ ಬಂದೂಕು ಹಿಡಿದ ಪೊಲೀಸರು ನಿಂತಿದ್ದರು. ಸುತ್ತಲಿನ ತೋಟಗಳಿಂದ ತಾಬೂತುಗಳು ಹೊರಟಿದ್ದವು. ಸರ್ಕಾರ ಮೊಹರಮ್ಮಿನ ಮೇಲೆ ಗುಂಡು ಹಾರಿಸುತ್ತದೆಂದು ಜನ ನಂಬಿರಲಿಲ್ಲ. 1858ರಲ್ಲಿ ವಿಕ್ಟೋರಿಯಾ ರಾಣಿ ಹಿಂದೂಸ್ಥಾನದ ಪ್ರಜೆಗಳಿಗೆ ಧರ್ಮದ ವಿಷಯದಲ್ಲಿ ಕೈ ಹಾಕುವುದಿಲ್ಲ ಎಂದು ಕೊಟ್ಟ ಮಾತು ಇತ್ತಲ್ಲ! ಆ ಮಾತು ಕಡಲು ದಾಟಿರಲಿಲ್ಲ. ಮ್ಯಾಜಿಸ್ಟ್ರೇಟರು ದಂಗೆಯ ಕಾಯ್ದೆಯನ್ನು ಇಂಗ್ಲಿಷಿನಲ್ಲಿ ಓದಿದರು. ಡೋಲಿನ ಸದ್ದಿನ ನಡುವೆ, ಭೋಜಪುರಿ ಮಾತಾಡುವ ಜನಕ್ಕೆ. ಸಿಪೆರೋ ರಸ್ತೆಯ ಸುಂಕದ ಕಟ್ಟೆಯ ಬಳಿ ಒಮ್ಮೆ, ಮಾನ್ ರೆಪೋ ಎಂಬಲ್ಲಿ ಇನ್ನೊಮ್ಮೆ ಗುಂಡು ಹಾರಿತು. ಸತ್ತವರ ಲೆಕ್ಕದಲ್ಲಿ ಒಮ್ಮತವಿಲ್ಲ. 16 ಎನ್ನುವ ದಾಖಲೆಗಳಿವೆ, ಇಪ್ಪತ್ತು ದಾಟಿತು ಎನ್ನುವವರೂ ಇದ್ದಾರೆ. ಗಾಯಗೊಂಡವರು ನೂರಕ್ಕೂ ಹೆಚ್ಚು. ಸತ್ತವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ತಾಬೂತುಗಳನ್ನು ರಸ್ತೆಯಲ್ಲೇ ಬಿಟ್ಟು ಜನ ಕಬ್ಬಿನ ಗದ್ದೆಗಳಿಗೆ ಓಡಿದರು.

ವಿಚಾರಣೆಗೆ ಬಂದವರು ಜಮೈಕಾದ ಗವರ್ನರ್ ಸರ್ ಹೆನ್ರಿ ನಾರ್ಮನ್. ಈ ಮನುಷ್ಯ 1857ರಲ್ಲಿ ದಿಲ್ಲಿಯನ್ನು ಮುತ್ತಿದ ಇಂಗ್ಲಿಷ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. ಹಿಂದೂಸ್ಥಾನ ಬಲ್ಲವರು ಎಂದೇ ಅವರನ್ನು ಆರಿಸಿದ್ದು. ಪೊಲೀಸರದು ತಪ್ಪಿಲ್ಲ ಎಂದು ಅವರು ವರದಿ ಕೊಟ್ಟರು. ಅದರಲ್ಲಿ ಅವರು ಗಮನಿಸಿದ ಒಂದು ಸಂಗತಿ ಮುಖ್ಯ. ಇದರಲ್ಲಿ ಹಿಂದೂಗಳೇ ಹೆಚ್ಚಾಗಿ ಸೇರುತ್ತಾರೆ, ಇದು ಧಾರ್ಮಿಕ ಆಚರಣೆ ಎನ್ನುವುದಕ್ಕಿಂತ ಭಾರತೀಯ ಕೂಲಿಗಳ ಒಂದು ಬಗೆಯ ರಾಷ್ಟ್ರೀಯ ಪ್ರದರ್ಶನವಾಗಿಬಿಟ್ಟಿದೆ ಎಂಬುದು ಅವರ ಮಾತಿನ ಸಾರ. ಒಂದು ಅರ್ಥದಲ್ಲಿ ನಾರ್ಮನ್ ಸಾಹೇಬರು ಕಂಡದ್ದು ಸರಿಯಾಗಿಯೇ ಇತ್ತು. ಅವರು ಅದನ್ನು ಅಪರಾಧವೆಂದು ಕಂಡರು, ಅಷ್ಟೇ ವ್ಯತ್ಯಾಸ. ಎಲ್ಲರೂ ಸೇರುವುದರಿಂದ ಇದು ನಿಜವಾದ ಧರ್ಮವಲ್ಲ, ಧರ್ಮವಲ್ಲದ್ದರಿಂದ ಇದಕ್ಕೆ ರಕ್ಷಣೆಯಿಲ್ಲ ಎಂಬ ತರ್ಕ ಹೀಗೆ ಹುಟ್ಟಿತು.

ಈ ಘಟನೆ ಬಹುಕಾಲ ಯಾರಿಗೂ ಬೇಡವಾಗಿತ್ತು. 1988ರಲ್ಲಿ ಟ್ರಿನಿಡಾಡಿನ ಇತಿಹಾಸಕಾರ ಕೆಲ್ವಿನ್ ಸಿಂಗ್ ‘ರಕ್ತದ ಕಲೆಯ ಗೋರಿಗಳು’ ಎಂಬ ಅರ್ಥದ ಹೆಸರಿನಲ್ಲಿ ಇದರ ಬಗ್ಗೆಯೇ ಒಂದು ಪುಸ್ತಕ ಬರೆದರು. ಅಂದರೆ ನೂರು ವರ್ಷ ದಾಟಿದ ಮೇಲೆ.

ದಕ್ಷಿಣದ ತೋಟಗಳಲ್ಲಿ ಹೊಸೆ ಕ್ರಮೇಣ ಕುಂದಿತು. ಈಗ ಆ ಕಡೆ ದ್ವೀಪದ ತುದಿಯ ಸೆಡ್ರೋಸಿನಲ್ಲಿ ಉಳಿದಿದೆ. ಸೇಂಟ್ ಜೇಮ್ಸಿನದು ಬದುಕಿದ್ದಕ್ಕೆ ಕಾರಣ ಸರಳ. ಆಗ ಅದು ಪೆರು ಎಂಬ ತೋಟ, ಪಟ್ಟಣದ ಗಡಿಯ ಹೊರಗಿತ್ತು. 1938ರಲ್ಲಿ ಪಟ್ಟಣವೇ ಬೆಳೆದು ಅದನ್ನು ಒಳಗೆ ಹಾಕಿಕೊಂಡಿತು. ತಾಬೂತು ಪಟ್ಟಣಕ್ಕೆ ಬರಬಾರದೆಂದರು, ಪಟ್ಟಣವೇ ತಾಬೂತಿನ ಬಳಿಗೆ ಬಂತು.

ಅಲ್ಲಿ ಕೆಲವೇ ಮನೆತನಗಳು ತಲೆತಲಾಂತರದಿಂದ ಇದನ್ನು ನಡೆಸುತ್ತಿವೆ. ತಿಂಗಳುಗಟ್ಟಲೆ ಕೆಲಸ, ಸ್ವಂತ ದುಡ್ಡು. ಕಟ್ಟುವ ಜಾಗವನ್ನು ಇಮಾಂಬಾಡಾ ಎಂದೇ ಕರೆಯುತ್ತಾರೆ. ಕಟ್ಟುವವರು ಆ ದಿನಗಳಲ್ಲಿ ಮಾಂಸ, ಮದ್ಯ, ಹೆಂಡತಿಯ ಸಂಗ ಎಲ್ಲ ಬಿಟ್ಟಿರುತ್ತಾರೆ. ಮೊದಲು ಬಾವುಟಗಳ ರಾತ್ರಿ, ಆಮೇಲೆ ಚಿಕ್ಕ ತಾಬೂತಿನ ರಾತ್ರಿ, ಆಮೇಲೆ ದೊಡ್ಡ ತಾಬೂತಿನ ರಾತ್ರಿ. ಮರುದಿನ ಕರ್ಬಲಾ. ಮೂರನೆಯ ದಿನ ‘ತೀಜೆ’ ಮುಗಿಸಿ ಸಮುದ್ರಕ್ಕೆ. ನಮ್ಮ ‘ತೀಜಾ’ ಅದು. ತಾಬೂತುಗಳ ಜೊತೆಗೆ ಎರಡು ಅರ್ಧಚಂದ್ರಗಳಿರುತ್ತವೆ. ಕೆಂಪು ಹುಸೇನರದು, ರಕ್ತದ ಬಣ್ಣ. ಹಸಿರು ಹಸನರದು, ವಿಷದ ಬಣ್ಣ. ಒಬ್ಬನೇ ಆಳು ಭುಜದ ಮೇಲೆ ಹೊತ್ತು ಕುಣಿಸಬೇಕು, ಸುಸ್ತಾದಾಗ ಇನ್ನೊಬ್ಬ ಹೆಗಲು ಕೊಡುತ್ತಾನೆ. ದೊಡ್ಡ ರಾತ್ರಿ ಎರಡೂ ಚಂದ್ರಗಳು ಎದುರಾಗಿ ಒಂದಕ್ಕೊಂದು ತಾಗುತ್ತವೆ. ಅಣ್ಣ ತಮ್ಮಂದಿರು ಭೇಟಿಯಾದರು ಎಂದು ಜನ ಮೌನವಾಗುತ್ತಾರೆ. ಮಲೀದಾ ಹಂಚುತ್ತಾರೆ. ಹೌದು, ಹೆಸರೂ ಅದೇ.

ನನ್ನನ್ನು ಹೆಚ್ಚು ಕಾಡಿದ್ದು ಡೋಲು. ಒಂದು ಕಾಲದಲ್ಲಿ ಅಲ್ಲಿ ಹೆಂಗಸರು ಮರ್ಸಿಯಾ ಹೇಳುತ್ತಿದ್ದರು. ಭಾಷೆ ಹೋಯಿತು. ಟ್ರಿನಿಡಾಡಿನ ಭಾರತೀಯರ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಕಲಿತರು, ಮನೆಯಲ್ಲೂ ಅದೇ ಉಳಿಯಿತು. ಅಜ್ಜಿಯರ ಜೊತೆ ಮರ್ಸಿಯಾವೂ ಹೆಚ್ಚುಕಡಿಮೆ ಮಣ್ಣಾಯಿತು. ಆದರೆ ಕತೆ ಡೋಲಿಗೆ ವರ್ಗವಾಗಿತ್ತು. ಪ್ರತಿ ಬಡಿತದ ಬಗೆಗೆ ‘ಹ್ಯಾಂಡ್’ ಎನ್ನುತ್ತಾರೆ, ಅಂದರೆ ಕೈ. ಯುದ್ಧದ ಕೈ ಬೇರೆ, ದಫನ್ನಿನ ಕೈ ಬೇರೆ. ಒಂದರ ಹೆಸರು ‘ಮಹಾತಮ್’. ಇದೇನಪ್ಪಾ ಎಂದು ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಹೊಳೆಯಿತು, ಅದು ಮಾತಮ್. ಉರ್ದುವಿನ ಒಂದು ಅಕ್ಷರ ಓದಲಾರದ ಹುಡುಗ, ಅವನು ಆಫ್ರಿಕನ್ ಮೂಲದ ಕ್ರೈಸ್ತನೂ ಇರಬಹುದು, ಬೆಂಕಿಗೆ ಕಾಯಿಸಿದ ಆಡಿನ ಚರ್ಮದ ಮೇಲೆ ಮಾತಮ್ ಬಾರಿಸುತ್ತಾನೆ. ಉರ್ದು ಶಾಲೆಯಲ್ಲಿ ಅನೀಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತ ನನಗಿಂತ ಅವನಿಗೆ ಕರ್ಬಲಾ ಹತ್ತಿರವಿದೆಯೋ ಏನೋ.

ಇದೆಲ್ಲ ಎಲ್ಲರಿಗೂ ಸಮ್ಮತವಲ್ಲ. ಟ್ರಿನಿಡಾಡಿನ ಸುನ್ನಿ ಸಂಘಟನೆಗಳು ಬಹಳ ಹಿಂದಿನಿಂದಲೂ ಹೊಸೆಯನ್ನು ಇಸ್ಲಾಮಿಗೆ ಹೊರತಾದದ್ದು ಎನ್ನುತ್ತ ಬಂದಿವೆ. ಈಚಿನ ದಶಕಗಳಲ್ಲಿ ಹೊರಗಿನಿಂದ ಶಿಯಾ ಪ್ರಚಾರಕರೂ ಬಂದರು. ಅವರಿಗೂ ಸಮಾಧಾನವಿಲ್ಲ. ಶೋಕದ ದಿನ ಡೋಲೇಕೆ, ಅಳು ಎಲ್ಲಿ ಎಂದು ಅವರ ಪ್ರಶ್ನೆ. ಇನ್ನೊಂದು ಕಡೆಯಿಂದ ರಸ್ತೆಬದಿಯಲ್ಲಿ ರಮ್ ಕುಡಿದು ಕುಣಿಯುವವರು, ಇದೂ ಒಂದು ಕಾರ್ನಿವಲ್ ಎಂದು ಕ್ಯಾಮೆರಾ ಹಿಡಿದು ಬರುವ ಪ್ರವಾಸಿಗಳು. ದಯವಿಟ್ಟು ಇಲ್ಲಿ ಕುಡಿಯಬೇಡಿ, ಇದು ಹಬ್ಬವಲ್ಲ ಸೂತಕ ಎಂದು ಆ ಮನೆತನದವರು ಪ್ರತಿ ವರ್ಷ ಬೇಡಿಕೊಳ್ಳುತ್ತಾರೆ. ಇಬ್ಬರ ನಡುವೆ ಅವರು ತಾಬೂತು ಕಟ್ಟುತ್ತಲೇ ಇದ್ದಾರೆ.

ನಾನು ಯಾವ ಕಡೆ? ನಾನೂ ಮಕ್ತಬಿನಲ್ಲಿ ಓದಿದವನು. ಪಂಜಾದ ಮುಂದೆ ಕೈಮುಗಿಯುವುದು ತಪ್ಪೆಂದು ನನಗೂ ಹೇಳಿಕೊಟ್ಟಿದ್ದಾರೆ, ಆ ಮಾತಿನಲ್ಲಿ ಹುರುಳಿದೆ ಎಂದು ಈಗಲೂ ಅನಿಸುತ್ತದೆ. ನಮ್ಮೂರಿನಲ್ಲಿ ಓದಿದ ಹುಡುಗರು ಅಲಾಯಿಯ ಹತ್ತಿರ ಸುಳಿಯುವುದಿಲ್ಲ. ಅವರ ಶ್ರದ್ಧೆಯನ್ನು ನಾನು ಹಾಸ್ಯ ಮಾಡಲಾರೆ. ಆದರೆ 1884ರ ಕಾಗದಪತ್ರಗಳ ಕತೆ ತಿಳಿದ ಮೇಲೆ ‘ಇದು ನಿಜವಾದ ಧರ್ಮವಲ್ಲ’ ಎಂಬ ಮಾತು ಕೇಳಿದಾಗೆಲ್ಲ ನನಗೆ ನಾರ್ಮನ್ ಸಾಹೇಬರ ವರದಿ ನೆನಪಾಗುತ್ತದೆ. ಮೌಲವಿಗಳ ಉದ್ದೇಶ ಬೇರೆ, ಗವರ್ನರರ ಉದ್ದೇಶ ಬೇರೆ, ಒಪ್ಪಿದೆ. ಸೂಖೂವಿನ ಮನವಿಯನ್ನು ಇಬ್ಬರ ಮೇಜಿನ ಮೇಲಿಟ್ಟರೂ ಅವರು ಅದನ್ನು ಓದುವ ರೀತಿಯಲ್ಲಿ ಹೆಚ್ಚು ಅಂತರವಿರಲಾರದು ಎಂಬುದೇ ನನ್ನ ಕಸಿವಿಸಿ.

ಟ್ರಿನಿಡಾಡ್ ಮತ್ತು ಟೊಬೇಗೊ 1962ರ ಆಗಸ್ಟ್ 31ರಂದು ಸ್ವತಂತ್ರವಾಯಿತು. 1976ರಲ್ಲಿ ಗಣರಾಜ್ಯವಾಯಿತು. 2011ರ ಜನಗಣತಿಯಲ್ಲಿ ಭಾರತೀಯ ಮೂಲದವರು ನೂರಕ್ಕೆ 35, ಆಫ್ರಿಕನ್ ಮೂಲದವರು ನೂರಕ್ಕೆ 34. ಮುಸ್ಲಿಮರು ನೂರಕ್ಕೆ ಐದು. ಆ ಐವರಿಂದ ಬಂದ ನೂರ್ ಹಸನಲಿ 1987ರಿಂದ 1997ರವರೆಗೆ ರಾಷ್ಟ್ರಾಧ್ಯಕ್ಷರಾಗಿದ್ದರು. ರಾಜಕೀಯದಲ್ಲಿ ಎರಡು ದೊಡ್ಡ ಸಮುದಾಯಗಳ ನಡುವೆ ಗುಮಾನಿ, ಓಟಿನ ಲೆಕ್ಕಾಚಾರ ಎಲ್ಲ ಇದೆ. ನಮಗೆ ತಿಳಿಯದ ವಿಷಯವೇನಲ್ಲ. ಚಂದ್ರ ಹೊರುವವನ ಭುಜ ದಣಿದಾಗ ಪಕ್ಕದವನು ಯಾವ ಮೂಲದವನೆಂದು ಆ ರಾತ್ರಿ ಯಾರೂ ಕೇಳುವುದಿಲ್ಲ ಎಂದು ನೋಡಿದವರು ಹೇಳುತ್ತಾರೆ. ಮರುದಿನ ಕೇಳುತ್ತಾರೋ ಏನೋ.

ಕಳೆದ ಮೊಹರಮ್ಮಿಗೆ ಊರಿಗೆ ಹೋದಾಗ ಆ ವಿಡಿಯೋವನ್ನು ನಮ್ಮ ಓಣಿಯ ಕಾಕಾನಿಗೆ ತೋರಿಸಿದೆ. ಕುರುಬರ ಮನೆಯವರು. ನಮ್ಮೂರಿನ ಹುಸೇನಿ ಪಂಜಾ ಹಿಡಿಯುವುದು ಅವರ ಮನೆತನವೇ. ಎಪ್ಪತ್ತು ದಾಟಿದ ಕಣ್ಣಿಗೆ ಮೊಬೈಲನ್ನು ಹತ್ತಿರ ಹಿಡಿದು ಕೊನೆಯವರೆಗೆ ನೋಡಿದರು. ಗುಂಡು ಹಾರಿದ ಕತೆ ಹೇಳಿದೆ. ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು:

“ಕಡೀ ದಿನ ದೇವ್ರನ್ನ ಎಲ್ಲಿಗೆ ಒಯ್ತಾರೋ ತಮ್ಮಾ? ಅಲ್ಲಿ ಹೊಳಿ ಐತೇನು?”

“ಹೊಳಿ ಅಲ್ಲ ಕಾಕಾ, ಸಮುದ್ರ.”

“ಹಂಗಾರ ಚಲೋ ಆತು ಬಿಡು,” ಎಂದು ಮೊಬೈಲು ನನ್ನ ಕೈಗೆ ಕೊಟ್ಟು, ಅಲಾಯಿ ಕುಣಿಗೆ ಕಟ್ಟಿಗೆ ಬಂತೋ ಇಲ್ಲವೋ ನೋಡಲು ಎದ್ದು ಹೋದರು.